ಕುಂಡದಲ್ಲಿ ಸ್ಟ್ರಾಬೆರಿ: ಯಾವ ಕುಂಡ, ಯಾವ ತಳಿ, ಯಾವ ಸಸಿ?

ಮನೆಯಲ್ಲಿ ಸ್ಟ್ರಾಬೆರಿ ಬೆಳೆಯಬೇಕು ಅನ್ನಿಸಿದ ಕೂಡಲೇ ಕಣ್ಣು ಹೋಗುವುದು ಕುಂಡಗಳ ಮೇಲೆ. ಒಂದರ ಮೇಲೊಂದು ಕೂತ ಟವರ್, ಮೈತುಂಬ ಜೇಬುಗಳಿರುವ ಮಣ್ಣಿನ ಜಾಡಿ, ಕೆಂಪು ಹಣ್ಣು ಇಳಿಬಿದ್ದ ತೂಗುಬುಟ್ಟಿ. ಫೋಟೋದಲ್ಲಿ ಎಲ್ಲವೂ ಚೆಂದವೇ. ಇವುಗಳಲ್ಲಿ ನಿಮಗೆ ಯಾವುದು ಸರಿ ಎಂದು ತೀರ್ಮಾನಿಸಲು ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ಬಿಸಿಲು ಜೋರಾಗಿರುವ ದಿನ ಗಿಡಕ್ಕೆ ಎಷ್ಟು ಸಲ ನೀರು ಹಾಕಲು ನಿಮ್ಮಿಂದ ಆಗುತ್ತದೆ? ಎರಡು ಸಲವೇ, ಒಂದು ಸಲವೇ, ಇಲ್ಲ ಎರಡು ದಿನಕ್ಕೊಮ್ಮೆಯೇ? ಇದಕ್ಕೆ ಪ್ರಾಮಾಣಿಕವಾಗಿ ಉತ್ತರ ಕೊಟ್ಟುಕೊಂಡರೆ ಅರ್ಧ ಆಯ್ಕೆ ಮುಗಿದಂತೆ.

ಕಾರಣ ಗಿಡದ ಬೇರಿನಲ್ಲಿದೆ. ಸ್ಟ್ರಾಬೆರಿಯ ಬೇರು ಆಳಕ್ಕೆ ಇಳಿಯುವ ಜಾತಿಯದ್ದಲ್ಲ. ಬಹುಪಾಲು ಮೇಲಿನ 15 ಸೆಂ.ಮೀ. ಮಣ್ಣಿನಲ್ಲೇ ಹರಡಿಕೊಂಡಿರುತ್ತದೆ, ಮೊದಲು ಒಣಗುವುದೂ ಅದೇ ಪದರ. ಹಣ್ಣಿನಲ್ಲಿ ಶೇ. 90ರಷ್ಟು ನೀರೇ ಇರುವುದರಿಂದ ಕಾಯಿ ತುಂಬಿಕೊಳ್ಳುವ ಹೊತ್ತಿನಲ್ಲಿ ಬೇರು ಪದೇ ಪದೇ ಒಣಗಿದರೆ ಹಣ್ಣು ಸಣ್ಣಗೆ, ಗಟ್ಟಿಯಾಗಿ ಉಳಿದುಬಿಡುತ್ತದೆ. ಹಾಗಂತ ಸದಾ ಕೆಸರು ಮಾಡಿಟ್ಟರೆ ಬೇರು ಕೊಳೆಯುತ್ತದೆ. ಈ ಎರಡರ ನಡುವಿನ ಹದವನ್ನು ಯಾವುದು ಎಷ್ಟು ಹೊತ್ತು ಹಿಡಿದಿಡುತ್ತದೆ ಎಂಬುದರಲ್ಲೇ ಕುಂಡ ಕುಂಡಕ್ಕೂ ನಿಜವಾದ ವ್ಯತ್ಯಾಸವಿರುವುದು.

ಕುಂಡಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ

ಅಳತೆಯ ವಿಷಯ ಮೊದಲು. ಯಾವ ಬಗೆಯ ಕುಂಡವಾದರೂ 20 ಸೆಂ.ಮೀ. ಆಳ ಇದ್ದರೆ ಸಾಕು. ಅದಕ್ಕಿಂತ ಆಳ ಇದ್ದರೆ ತೊಂದರೆಯಿಲ್ಲ, ದೊಡ್ಡ ಲಾಭವೂ ಇಲ್ಲ. ಅಗಲಕ್ಕೆ ಮಾತ್ರ ಬೆಲೆಯಿದೆ. ಒಂದು ಗಿಡಕ್ಕೆ ಮೂರು ಲೀಟರಿನಷ್ಟು ಮಣ್ಣು, ಗಿಡದಿಂದ ಗಿಡಕ್ಕೆ 20ರಿಂದ 25 ಸೆಂ.ಮೀ. ಅಂತರ ಸಿಕ್ಕರೆ ಎಲೆಗಳ ನಡುವೆ ಗಾಳಿ ಆಡುತ್ತದೆ. 20 ಸೆಂ.ಮೀ. ಅಗಲದ ಕುಂಡಕ್ಕೆ ಒಂದು ಗಿಡ, 30 ಸೆಂ.ಮೀ. ಅಗಲದ್ದಕ್ಕೆ ಮೂರು. ಆಸೆಗೆ ಬಿದ್ದು ನಾಲ್ಕನೆಯದನ್ನು ತುರುಕಿದರೆ ಮೂರರ ಹಣ್ಣೂ ಕಡಿಮೆಯಾಗುತ್ತದೆ.

ಸುಟ್ಟ ಮಣ್ಣಿನ ಕುಂಡದ ಗೋಡೆ ಉಸಿರಾಡುತ್ತದೆ. ತೇವ ಹೊರಗೆ ಆವಿಯಾಗುತ್ತಾ ಹೋಗುವುದರಿಂದ ಬೇರು ತಂಪಾಗಿರುತ್ತದೆ, ಹೆಚ್ಚು ನೀರು ಬಿದ್ದರೂ ಬೇಗ ಹದಕ್ಕೆ ಬರುತ್ತದೆ. ಕೈ ಸ್ವಲ್ಪ ಧಾರಾಳ, ಕಂಡಾಗಲೆಲ್ಲ ನೀರು ಸುರಿಯುವ ಅಭ್ಯಾಸ ಇರುವವರಿಗೆ ಇದು ಸುರಕ್ಷಿತ. ಅದೇ ಗುಣ ಬಿಸಿಲಿನ ದಿನಗಳಲ್ಲಿ ಎದುರಾಗಿ ನಿಲ್ಲುತ್ತದೆ, ಬೆಳಿಗ್ಗೆ ಹಾಕಿದ ನೀರು ಸಂಜೆಯವರೆಗೆ ಉಳಿಯುವುದಿಲ್ಲ. ಪ್ಲಾಸ್ಟಿಕ್ ಕುಂಡ ಇದಕ್ಕೆ ಪೂರ್ತಿ ವಿರುದ್ಧ. ನೀರನ್ನು ಹಿಡಿದಿಡುತ್ತದೆ, ಹಗುರ, ಎತ್ತಿಡುವುದು ಸುಲಭ. ಆದರೆ ಬಣ್ಣ ನೋಡಿ ಆರಿಸಿ. ಕಪ್ಪು ಪ್ಲಾಸ್ಟಿಕ್‌ಗೆ ನೇರ ಬಿಸಿಲು ಬಿದ್ದರೆ ಒಳಗೋಡೆಗೆ ಅಂಟಿಕೊಂಡ ಬೇರು ಬೆಂದುಹೋಗುತ್ತದೆ. ಬಿಳಿ ಅಥವಾ ತಿಳಿ ಬಣ್ಣದ್ದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ಮನೆಯಲ್ಲಿ ಕಪ್ಪು ಕುಂಡವೇ ಇದ್ದರೆ ಹೊರಗೆ ಬಿಳಿ ಬಟ್ಟೆಯನ್ನಾದರೂ ಸುತ್ತಿ.

ಬಟ್ಟೆಯ ಗ್ರೋ ಬ್ಯಾಗ್ ಮಣ್ಣಿನ ಕುಂಡದ ಗುಣವನ್ನೇ ಹಗುರ ಮೈಯಲ್ಲಿ ಕೊಡುತ್ತದೆ. ಬೇರಿನ ತುದಿ ಬಟ್ಟೆಯವರೆಗೆ ಬಂದು ಗಾಳಿ ತಾಗಿ ನಿಲ್ಲುತ್ತದೆ, ಒಳಗೆ ಕವಲೊಡೆಯುತ್ತದೆ. ಪ್ಲಾಸ್ಟಿಕ್‌ನಲ್ಲಿ ಆಗುವಂತೆ ಸುತ್ತು ಸುತ್ತಾಗಿ ಹೆಣೆದುಕೊಳ್ಳುವುದಿಲ್ಲ. ನೀರಿನ ದಾಹ ಮಾತ್ರ ಎಲ್ಲಕ್ಕಿಂತ ಹೆಚ್ಚು. ಗಾಳಿ ಬೀಸುವ ತಾರಸಿಯಲ್ಲಿ ಇಟ್ಟರೆ ದಿನಕ್ಕೆ ಎರಡು ಸಲ ನೀರು ಬೇಕಾಗಬಹುದು.

ಇವುಗಳ ಜೊತೆಗಿಟ್ಟು ನೋಡಿದಾಗ ನನಗೆ ಹೆಚ್ಚು ಒಪ್ಪಿಗೆಯಾಗುವುದು ಉದ್ದನೆಯ ತೊಟ್ಟಿ. 60 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ ಮತ್ತು ಆಳ, ಅದರಲ್ಲಿ ಮೂರು ಗಿಡ. ಮಣ್ಣು ಒಂದೇ ರಾಶಿಯಾಗಿ ಇರುವುದರಿಂದ ತೇವ ಬೇಗ ಏರುಪೇರಾಗುವುದಿಲ್ಲ, ಎಲ್ಲ ಗಿಡಕ್ಕೂ ಒಂದೇ ಬಿಸಿಲು, ಹಣ್ಣು ಅಂಚಿನಿಂದ ಹೊರಗೆ ಇಳಿಬಿದ್ದು ಒದ್ದೆ ಮಣ್ಣಿಗೆ ತಾಗದೆ ಉಳಿಯುತ್ತದೆ. ನೋಟಕ್ಕೆ ಸಾಧಾರಣ, ಫಲದಲ್ಲಿ ಮುಂದು. ಮೊದಲ ಸಲ ಬೆಳೆಯುವವರು ಬೇರೇನೂ ಯೋಚಿಸದೆ ಇದನ್ನು ತೆಗೆದುಕೊಳ್ಳಬಹುದು.

ಇನ್ನು ಜೇಬುಜಾಡಿ ಮತ್ತು ಟವರ್. ಇವೆರಡರ ಕಷ್ಟ ಒಂದೇ, ನೀರು ಕೆಳಗೆ ಇಳಿಯುತ್ತದೆ. ಜಾಡಿಯ ಬಾಯಿಗೆ ನಿಧಾನವಾಗಿ ನೀರು ಹಾಕುತ್ತಾ ಗಮನಿಸಿ. ಮೇಲಿನ ಮಣ್ಣು ಕಪ್ಪಾಗುತ್ತದೆ, ಸ್ವಲ್ಪ ಹೊತ್ತಿಗೆ ಮೇಲ್ಸಾಲಿನ ಜೇಬುಗಳಿಂದ ಮಣ್ಣು ಸಮೇತ ನೀರು ಹೊರಗೆ ಜಾರಿ ಜಾಡಿಯ ಹೊಟ್ಟೆಯ ಮೇಲೆ ಹರಿಯುತ್ತದೆ. ನಡು ಸಾಲಿನ ಗಿಡದ ಬುಡಕ್ಕೆ ಬೆರಳಿಟ್ಟರೆ ಇನ್ನೂ ಒಣ ಒಣ. ಟವರ್‌ನಲ್ಲಿ ತುದಿಯ ಗಿಡ ಬಾಡುತ್ತಿರುವಾಗಲೇ ತಳದ್ದು ನೆರಳಿನಲ್ಲಿ, ಕೆಸರಿನಲ್ಲಿ ಕೂತಿರುತ್ತದೆ. ಪರಿಹಾರ ಇಲ್ಲದಿಲ್ಲ. ಮಣ್ಣು ತುಂಬುವ ಮೊದಲೇ ನಡುವೆ ತೂತು ಕೊರೆದ ಪೈಪ್ ನಿಲ್ಲಿಸಿ, ಅದರ ತಳ ಮುಚ್ಚಿ, ನೀರನ್ನು ಪೈಪ್‌ಗೇ ಹಾಕಬೇಕು. ತೂತುಗಳು ಮೇಲೆ ಹೆಚ್ಚು, ಕೆಳಗೆ ಕಡಿಮೆ ಇರಲಿ. ಎಲ್ಲ ಬದಿಗೂ ಬಿಸಿಲು ಸಿಗುವಂತೆ ಆಗಾಗ ಕಾಲು ಸುತ್ತು ತಿರುಗಿಸುತ್ತಿರಬೇಕು. ಎರಡಡಿ ಜಾಗದಲ್ಲಿ ಹತ್ತು ಹದಿನೈದು ಗಿಡ ಬೇಕೇ ಬೇಕು ಎನ್ನುವವರು ಈ ದುಡಿಮೆಗೆ ಸಿದ್ಧರಿದ್ದರೆ ಟವರ್ ಕೊಳ್ಳಲಿ. ಜಾಗ ಇದ್ದೂ ಟವರ್ ಕೊಳ್ಳುವುದರಲ್ಲಿ ಅರ್ಥವಿಲ್ಲ.

ತೂಗುಬುಟ್ಟಿಯಲ್ಲಿ ಬಸವನಹುಳುವಿನ ಕಾಟವಿಲ್ಲ, ಹಣ್ಣು ಶುಚಿಯಾಗಿ ತೂಗುತ್ತದೆ, ಕೀಳುವುದೂ ಸುಲಭ. ಸುತ್ತಲೂ ಗಾಳಿ ಆಡುವುದರಿಂದ ಬಲುಬೇಗ ಒಣಗುತ್ತದೆ, ಅದೂ ಕಣ್ಣಿನ ಮಟ್ಟಕ್ಕಿಂತ ಮೇಲಿದ್ದರೆ ಒಣಗಿದ್ದು ಗೊತ್ತೇ ಆಗುವುದಿಲ್ಲ. ಪೂರ್ತಿ ಒಣಗಿದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬುಟ್ಟಿಗೆ ಮೇಲಿಂದ ಹಾಕಿದ ನೀರು ಅಂಚಿನಲ್ಲೇ ಜಾರಿ ಹೋಗುತ್ತದೆ. ಆಗ ಬುಟ್ಟಿಯನ್ನು ಇಳಿಸಿ ನೀರಿನ ಬಕೆಟ್‌ನಲ್ಲಿ ಅರ್ಧ ಗಂಟೆ ಕೂರಿಸಬೇಕು. ಕೈಗೆಟಕುವ ಎತ್ತರದಲ್ಲಿ, ಮಧ್ಯಾಹ್ನದ ಮೇಲೆ ನೆರಳು ಬರುವ ಕಡೆ ತೂಗುಹಾಕಿದರೆ ಬಾಳುತ್ತದೆ.

ತಳದಲ್ಲಿ ನೀರಿನ ತೊಟ್ಟಿ ಇರುವ, ಅಂದರೆ ಸೆಲ್ಫ್ ವಾಟರಿಂಗ್ ಕುಂಡ, ನೀರು ಹಾಕಲು ಪುರುಸೊತ್ತಿಲ್ಲದವರಿಗೆ ಹೇಳಿ ಮಾಡಿಸಿದ್ದು. ಬೇರಿಗೆ ಬೇಕಾದಷ್ಟು ತೇವ ಕೆಳಗಿನಿಂದ ಏರುತ್ತಿರುತ್ತದೆ, ಎಲೆ ಒದ್ದೆಯಾಗುವುದಿಲ್ಲ, ಎರಡು ಮೂರು ದಿನ ಊರಿಗೆ ಹೋಗಿ ಬರಬಹುದು. ಎರಡು ಎಚ್ಚರಿಕೆ ಬೇಕು. ಮಳೆ ಬೀಳುವ ಕಡೆ ಇಡುವುದಾದರೆ ಹೆಚ್ಚಾದ ನೀರು ಹೊರಹೋಗಲು ಬದಿಯಲ್ಲಿ ತೂತು ಇರಲೇಬೇಕು. ಇನ್ನೊಂದು, ನೀರು ಕೆಳಗಿನಿಂದ ಏರಿ ಮೇಲೆ ಆವಿಯಾಗುವುದರಿಂದ ಗೊಬ್ಬರದ ಉಪ್ಪು ಮೇಲ್ಮಣ್ಣಿನಲ್ಲಿ ಕೂಡಿಕೊಳ್ಳುತ್ತದೆ. ಸ್ಟ್ರಾಬೆರಿ ಉಪ್ಪನ್ನು ತೀರಾ ಸಹಿಸದ ಗಿಡ, ಎಲೆಯ ಅಂಚು ಸುಟ್ಟಂತೆ ಕಂದುತ್ತದೆ. ತಿಂಗಳಿಗೊಮ್ಮೆ ಮೇಲಿಂದ ಧಾರಾಳವಾಗಿ ನೀರು ಹಾಕಿ ತೊಳೆದುಬಿಟ್ಟರೆ ಸಾಕು.

ಪಿವಿಸಿ ಪೈಪ್ ಸೀಳಿ ಮಾಡುವ ತೊಟ್ಟಿಲುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಣ್ಣ ಪೈಪ್‌ನಲ್ಲಿ ಮಣ್ಣು ತೀರಾ ಕಡಿಮೆ ಹಿಡಿಯುತ್ತದೆ, ಬೇಗ ಕಾಯುತ್ತದೆ. ಡ್ರಿಪ್ ವ್ಯವಸ್ಥೆ ಇದ್ದವರಿಗೆ ಮಾತ್ರ ಸರಿ.

ಯಾವ ಕುಂಡವೇ ಆಗಲಿ, ನೀರು ಸಾಲುತ್ತಿದೆಯೇ ಎಂದು ಗಿಡವೇ ಹೇಳುತ್ತದೆ. ಬೆಳಗಿನ ಜಾವ ಎಲೆಯ ಅಂಚಿನ ಪ್ರತಿ ಹಲ್ಲಿನ ತುದಿಯಲ್ಲೂ ಒಂದೊಂದು ನೀರಿನ ಹನಿ ಸಾಲಾಗಿ ನಿಂತಿದ್ದರೆ ಅದನ್ನು ಇಬ್ಬನಿ ಎಂದುಕೊಳ್ಳಬೇಡಿ. ಇಬ್ಬನಿ ಎಲೆಯ ಮೈಮೇಲೆಲ್ಲ ಕೂರುತ್ತದೆ. ಅಂಚಿನ ಹನಿಯನ್ನು ರಾತ್ರಿಯಿಡೀ ಬೇರು ಒತ್ತಿ ಮೇಲೆ ಕಳಿಸಿರುತ್ತದೆ. ಬೇರಿಗೆ ತೇವ ಸಾಕಷ್ಟಿದೆ, ಬೇರು ಆರೋಗ್ಯವಾಗಿದೆ ಎಂಬುದಕ್ಕೆ ಇದು ಒಳ್ಳೆಯ ಗುರುತು. ಎಳೆ ಎಲೆಗಳಿಗೆ ಕ್ಯಾಲ್ಸಿಯಂ ತಲುಪುವುದೂ ಹೆಚ್ಚಾಗಿ ಈ ರಾತ್ರಿಯ ಒತ್ತಡದಿಂದಲೇ.

ತಳಿ: ಕುಂಡಕ್ಕಿಂತ ದೊಡ್ಡ ಆಯ್ಕೆ

ಕುಂಡ ತಪ್ಪಾದರೆ ಬದಲಿಸಬಹುದು. ತಳಿ ತಪ್ಪಾದರೆ ಒಂದು ಇಡೀ ಹಂಗಾಮು ಎಲೆ ನೋಡಿಕೊಂಡು ಕೂರಬೇಕು. ಹಾಗಾಗಿ ಹೆಸರಿಗಿಂತ ಮೊದಲು ಗುಂಪು ತಿಳಿಯಿರಿ.

ಮೊದಲ ಗುಂಪು ಹಗಲು ಚಿಕ್ಕದಾದಾಗ ಮೊಗ್ಗು ಕಟ್ಟುವಂಥದ್ದು. ಹಗಲು 14 ಗಂಟೆಗಿಂತ ಕಡಿಮೆಯಾಗಿ, ರಾತ್ರಿ ತಂಪಾದಾಗ ಸುಳಿಯೊಳಗೆ ಹೂವಿನ ಮೊಗ್ಗು ಮೂಡುತ್ತದೆ. ಹಿಮ ಬೀಳುವ ನಾಡುಗಳಲ್ಲಿ ಇವು ಬೇಸಿಗೆಯ ಆರಂಭದಲ್ಲಿ ಎರಡು ಮೂರು ವಾರ ಒಟ್ಟಿಗೆ ಹಣ್ಣು ಬಿಟ್ಟು ಮುಗಿಸುತ್ತವೆ. ಅದಕ್ಕೇ ಇಂಗ್ಲಿಷಿನಲ್ಲಿ ಇವುಗಳಿಗೆ ಜೂನ್ ಬೇರಿಂಗ್ ಎಂಬ ಹೆಸರು. ಚಳಿಗಾಲ ಹಿತವಾಗಿರುವ ಕಡೆ ಇದೇ ಗುಂಪಿನ ವರಸೆ ಬೇರೆ. ಮಳೆಗಾಲ ಮುಗಿದ ಮೇಲೆ ನೆಟ್ಟರೆ ಚಳಿಗಾಲದುದ್ದಕ್ಕೂ ಅಲೆ ಅಲೆಯಾಗಿ ಹಣ್ಣು ಬಿಟ್ಟು, ಸೆಕೆ ಏರಿದಾಗ ನಿಲ್ಲಿಸುತ್ತವೆ. ಚಾಂಡ್ಲರ್, ಕ್ಯಾಮರೋಸಾ, ಸ್ವೀಟ್ ಚಾರ್ಲಿ ಈ ಗುಂಪಿನವು.

ಎರಡನೆಯದು ಡೇ ನ್ಯೂಟ್ರಲ್ ಗುಂಪು. ಹಗಲಿನ ಉದ್ದವನ್ನು ಲೆಕ್ಕಿಸದೆ, ಹವೆ ಹಿತವಾಗಿರುವಷ್ಟು ದಿನವೂ ಹೂ ಬಿಡುತ್ತವೆ. ಅಮೆರಿಕದ ಯೂಟಾದ ವಾಸಾಚ್ ಬೆಟ್ಟಗಳಲ್ಲಿ ಸಿಕ್ಕ ಕಾಡು ಸ್ಟ್ರಾಬೆರಿಯ ಈ ಗುಣವನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಾಯ್ಸ್ ಬ್ರಿಂಗ್‌ಹರ್ಸ್ಟ್ ಮತ್ತು ವಿಕ್ಟರ್ ವೋತ್ ತೋಟದ ತಳಿಗಳಿಗೆ ತಂದರು. ಮೊದಲ ತಳಿಗಳು 1979ರಲ್ಲಿ ಹೊರಬಂದವು. ಈಗ ಆಲ್ಬಿಯನ್, ಸೀಸ್ಕೇಪ್, ಸ್ಯಾನ್ ಆಂಡ್ರಿಯಾಸ್ ಹೆಚ್ಚು ಕೇಳಿಬರುವ ಹೆಸರುಗಳು. ಒಮ್ಮೆಗೇ ಬುಟ್ಟಿ ತುಂಬುವುದಿಲ್ಲ, ವಾರಕ್ಕೆ ಒಂದು ಹಿಡಿಯಂತೆ ತಿಂಗಳುಗಟ್ಟಲೆ ಸಿಗುತ್ತದೆ. ರನ್ನರ್, ಅಂದರೆ ಹರಿದಾಡುವ ಕುಡಿ, ಕಡಿಮೆ. ಕುಂಡಕ್ಕೆ ಇದು ದೊಡ್ಡ ಅನುಕೂಲ.

ಇಷ್ಟು ಓದಿದ ಮೇಲೆ ಎಲ್ಲರಿಗೂ ಡೇ ನ್ಯೂಟ್ರಲ್ ತಳಿಯೇ ಸರಿ ಅನ್ನಿಸುತ್ತದೆ. ಹಾಗಲ್ಲ. ಉಷ್ಣಾಂಶ 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಈ ಗಿಡಗಳೂ ಹೂ ನಿಲ್ಲಿಸುತ್ತವೆ. ಬೇಸಿಗೆ ಉರಿಯುವ ಊರಿನಲ್ಲಿ ವರ್ಷವಿಡೀ ಹಣ್ಣು ಎಂಬ ಭರವಸೆ ನಡೆಯುವುದಿಲ್ಲ. ಅಂಥ ಕಡೆ ಮೊದಲ ಗುಂಪಿನ ತಳಿಯನ್ನು ತಂಪು ಹಂಗಾಮಿನ ಆರಂಭದಲ್ಲಿ ನೆಟ್ಟು, ಬೇಸಿಗೆಗೆ ಮೊದಲು ಹಣ್ಣು ಮುಗಿಸಿಕೊಳ್ಳುವುದೇ ಜಾಣತನ. ಬೇಸಿಗೆಯೂ ತಂಪಾಗಿರುವ ಬೆಟ್ಟದೂರುಗಳಲ್ಲಿ, ಸಮುದ್ರದ ತಂಗಾಳಿ ಇರುವ ಸಮಶೀತೋಷ್ಣ ನಾಡುಗಳಲ್ಲಿ ಡೇ ನ್ಯೂಟ್ರಲ್‌ಗೆ ಸಾಟಿಯಿಲ್ಲ. ಎವರ್‌ಬೇರಿಂಗ್ ಎಂಬ ಚೀಟಿ ಇದ್ದರೆ ಕೇಳಿ ತಿಳಿದುಕೊಳ್ಳಿ. ಹಳೆಯ ಎವರ್‌ಬೇರಿಂಗ್ ತಳಿಗಳು ವರ್ಷಕ್ಕೆ ಎರಡು ಸಲ ಫಸಲು ಕೊಡುವಂಥವು, ಮಾರುವವರು ಅವನ್ನೂ ಡೇ ನ್ಯೂಟ್ರಲ್ ತಳಿಗಳನ್ನೂ ಒಂದೇ ಹೆಸರಿನಲ್ಲಿ ಕರೆಯುವುದುಂಟು.

ಮೂರನೆಯದು ಆಲ್ಪೈನ್ ಸ್ಟ್ರಾಬೆರಿ, ಜಾತಿಯೇ ಬೇರೆ. ಹಣ್ಣು ಬೆರಳ ತುದಿಯಷ್ಟು, ಘಮ ಮಾತ್ರ ಕೋಣೆ ತುಂಬುವಷ್ಟು. ಬಹುಪಾಲು ಆಲ್ಪೈನ್ ತಳಿಗಳು ಕುಡಿ ಬಿಡುವುದಿಲ್ಲ, ಗುಪ್ಪೆಯಾಗಿ ಅಲ್ಲೇ ಬೆಳೆಯುತ್ತವೆ, ಅರ್ಧ ದಿನದ ನೆರಳನ್ನೂ ತಾಳಿಕೊಳ್ಳುತ್ತವೆ. ನಾಲ್ಕು ಗಂಟೆಗಿಂತ ಹೆಚ್ಚು ಬಿಸಿಲು ಬೀಳದ ಬಾಲ್ಕನಿಯಲ್ಲಿ ದೊಡ್ಡ ಹಣ್ಣಿನ ತಳಿ ನೆಟ್ಟು ಕಾಯುವುದಕ್ಕಿಂತ ಇದನ್ನು ಬೆಳೆಯುವುದು ಮೇಲು. ದೊಡ್ಡ ಹಣ್ಣಿನ ಗಿಡಕ್ಕೆ ಆರರಿಂದ ಎಂಟು ಗಂಟೆ ನೇರ ಬಿಸಿಲು ಬೇಕೇ ಬೇಕು. ಇದರಲ್ಲಿ ರಾಜಿಯಿಲ್ಲ.

ಸಸಿಯೇ, ಕುಡಿಯೇ, ಬೀಜವೇ?

ಟ್ರೇ ಅಥವಾ ಪುಟ್ಟ ಕುಂಡದಲ್ಲಿ ಬೇರೂರಿದ ಸಸಿ ನೆಟ್ಟ ಮರುದಿನದಿಂದಲೇ ಬೆಳೆಯಲು ತೊಡಗುತ್ತದೆ. ಹೊಸಬರಿಗೆ ಇದೇ ಸರಿ. ಮಣ್ಣಿಲ್ಲದೆ ಬರೀ ಬೇರಿನ ಕಟ್ಟಾಗಿ ಬರುವ ಸಸಿ ಅಗ್ಗ, ಆದರೆ ಬಂದ ದಿನವೇ ನೆಡಬೇಕು. ನೆಡುವ ಮೊದಲು ಬೇರನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ. ಗೆಳೆಯರ ಮನೆಯ ಗಿಡದಿಂದ ಕುಡಿ ಸಿಕ್ಕರೆ ಖರ್ಚೇ ಇಲ್ಲ. ಕುಡಿಯಲ್ಲಿ ತಾಯಿಗಿಡಕ್ಕೆ ಹತ್ತಿರವಿರುವ ಮೊದಲ ಸಸಿ ಎಲ್ಲಕ್ಕಿಂತ ಬಲವಾಗಿರುತ್ತದೆ. ಕತ್ತರಿಸದೆ ಹಾಗೆಯೇ ಪಕ್ಕದ ಪುಟ್ಟ ಕುಂಡದ ಮೇಲೆ ತಂತಿಯಿಂದ ಒತ್ತಿಟ್ಟು, ನಾಲ್ಕೈದು ವಾರದ ನಂತರ ಬೇರ್ಪಡಿಸಬೇಕು. ಒಂದೇ ಷರತ್ತು, ತಾಯಿಗಿಡ ಆರೋಗ್ಯವಾಗಿರಬೇಕು. ಗಿಡಹೇನು ಹರಡುವ ವೈರಸ್‌ಗಳು ಕುಡಿಯ ಮೂಲಕ ಮರಿಗೂ ಬರುತ್ತವೆ. ಎಲೆ ಮುದುಡಿದ, ಕುಬ್ಜವಾದ ಗಿಡದಿಂದ ಪುಕ್ಕಟೆ ಕೊಟ್ಟರೂ ಬೇಡ.

ಬೀಜದ ದಾರಿಯನ್ನು ಆಲ್ಪೈನ್‌ಗೆ ಮಾತ್ರ ಇಟ್ಟುಕೊಳ್ಳಿ. ದೊಡ್ಡ ಹಣ್ಣಿನ ತಳಿಗಳು ಮಿಶ್ರತಳಿಗಳಾದ್ದರಿಂದ ಹಣ್ಣಿನ ಮೇಲಿನ ಬೀಜ ಕೆರೆದು ಬಿತ್ತಿದರೆ ತಾಯಿಯಂಥ ಹಣ್ಣು ಬರುವುದಿಲ್ಲ. ಬೀಜದಿಂದಲೇ ಬೆಳೆಸಲೆಂದು ರೂಪಿಸಿದ ಎಫ್1 (ಮೊದಲ ತಲೆಮಾರಿನ ಮಿಶ್ರ) ತಳಿಗಳು ಇವೆ, ಅವು ಇದಕ್ಕೆ ಹೊರತು. ಆಲ್ಪೈನ್ ಬೀಜವನ್ನು ಮಣ್ಣಿನ ಮೇಲೆ ಉದುರಿಸಬೇಕು, ಮುಚ್ಚಬಾರದು, ಮೊಳೆಯಲು ಬೆಳಕು ಬೇಕು. ಎರಡರಿಂದ ನಾಲ್ಕು ವಾರ ತಾಳ್ಮೆ ಇರಲಿ.

ನೆಡುವಾಗ ನೋಡಬೇಕಾದ ಜಾಗ ಒಂದೇ, ಎಲೆಕಾಂಡಗಳೆಲ್ಲ ಕೂಡುವ ದಪ್ಪ ಸುಳಿ. ಬೇರು ಶುರುವಾಗುವ ಗೆರೆ ಮಣ್ಣಿನ ಮಟ್ಟಕ್ಕೆ ಬರಬೇಕು, ಸುಳಿಯ ನಡುಭಾಗ ಮೇಲೆ ಕಾಣುತ್ತಿರಬೇಕು. ಒಂದು ಬೆರಳು ಕೆಳಗಾದರೂ ಸುಳಿ ಕೊಳೆಯುತ್ತದೆ, ಮೇಲಾದರೆ ಬೇರು ಒಣಗುತ್ತದೆ. ನೆಟ್ಟು ನೀರು ಹಾಕಿದ ಮೇಲೆ ಮಣ್ಣು ಕುಸಿಯುವುದರಿಂದ ಇನ್ನೊಮ್ಮೆ ಬಗ್ಗಿ ನೋಡಿ ಸರಿಮಾಡಿ.

ಮಣ್ಣು ಮತ್ತು ಗೊಬ್ಬರ

ತೋಟದ ಮಣ್ಣನ್ನೇ ಕುಂಡಕ್ಕೆ ತುಂಬಿದರೆ ನಾಲ್ಕು ಸಲ ನೀರು ಬೀಳುವಷ್ಟರಲ್ಲಿ ಗಟ್ಟಿಯಾಗುತ್ತದೆ. ಕೊಕೊಪೀಟ್ ಅರ್ಧ, ಚೆನ್ನಾಗಿ ಕಳಿತ ಕಾಂಪೋಸ್ಟ್ ಅಥವಾ ಎರೆಗೊಬ್ಬರ ಕಾಲು, ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಅಥವಾ ದಪ್ಪ ಮರಳು ಕಾಲು ಭಾಗ ಇರುವ ಮಿಶ್ರಣ ಹಗುರವಾಗಿದ್ದು ನೀರು ಚೆನ್ನಾಗಿ ಬಸಿಯುತ್ತದೆ. ತೂಗುಬುಟ್ಟಿಗೆ ಮರಳು ಬೇಡ, ಭಾರ. ಕೊಕೊಪೀಟ್‌ನಲ್ಲಿ ಉಪ್ಪಿನಂಶ ಇರುವ ಸಾಧ್ಯತೆಯಿದೆ, ಬಳಸುವ ಮೊದಲು ಒಳ್ಳೆಯ ನೀರಿನಲ್ಲಿ ಎರಡು ಮೂರು ಸಲ ತೊಳೆದು ಹಿಂಡಿ. ಪಿಎಚ್, ಅಂದರೆ ಮಣ್ಣಿನ ಹುಳಿ-ಕ್ಷಾರದ ಅಳತೆ, 5.5ರಿಂದ 6.5ರ ನಡುವೆ ಇರಲಿ. ಗಡಸು ನೀರು ಬಳಸುವವರು ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಪಿಎಚ್ ಏರಿದೆ, ಕಬ್ಬಿಣ ಸಿಗುತ್ತಿಲ್ಲ ಎಂದು ತಿಳಿಯಬೇಕು. ಮಳೆನೀರು ಸಂಗ್ರಹಿಸಿಟ್ಟಿದ್ದರೆ ಈ ಗಿಡಕ್ಕೇ ಮೀಸಲಿಡಿ.

ಗೊಬ್ಬರದಲ್ಲಿ ದ್ರವರೂಪದ್ದನ್ನು ಅರ್ಧ ಪ್ರಮಾಣಕ್ಕೆ ತೆಳುಮಾಡಿ ಎರಡು ವಾರಕ್ಕೊಮ್ಮೆ ಕೊಡುವುದು ನನ್ನ ಆಯ್ಕೆ. ಕಡಿಮೆಯಾದರೆ ಹೆಚ್ಚಿಸಬಹುದು, ಕಾಳುಗೊಬ್ಬರ ಹೆಚ್ಚಾಗಿ ಬಿದ್ದರೆ ಹೊರತೆಗೆಯಲಾಗದು. ಹೂ ಬಂದ ಮೇಲೆ ಪೊಟ್ಯಾಶ್ ಹೆಚ್ಚಿರುವುದನ್ನು ಕೊಡಿ. ಸಾರಜನಕ ಜಾಸ್ತಿಯಾದರೆ ಎಲೆ ಸೊಂಪಾಗುತ್ತದೆ, ಹಣ್ಣು ಮೆತ್ತಗಾಗಿ ಬೂದು ಬೂಷ್ಟಿಗೆ ಬೇಗ ಸಿಗುತ್ತದೆ. ಒಣಗಿದ ಮಣ್ಣಿಗೆ ಮಾತ್ರ ಗೊಬ್ಬರ ಹಾಕಲೇಬೇಡಿ.

ಹೂವಿನ ಕಡೆಗೆ ಒಂದು ನೋಟ

ಮುಚ್ಚಿದ ಬಾಲ್ಕನಿ, ಗಾಜಿನ ಕಿಟಕಿಯ ಒಳಗೆ ಬೆಳೆಯುವವರಿಗೆ ಹಣ್ಣು ಸೊಟ್ಟಗೆ, ಒಂದು ಬದಿ ಗಂಟುಗಂಟಾಗಿ ಬರುವುದುಂಟು. ರೋಗವೆಂದು ಔಷಧಿ ಹುಡುಕುವ ಮೊದಲು ಹೂವನ್ನು ಹತ್ತಿರದಿಂದ ನೋಡಿ. ನಡುವಿನ ಹಳದಿ ಗುಬ್ಬಿಯ ಮೇಲೆ ನೂರಾರು ಸಣ್ಣ ಶಲಾಕೆಗಳಿವೆ (ಹೂವಿನ ಹೆಣ್ಣು ಭಾಗ), ಸುತ್ತ ಕೇಸರಗಳಿವೆ (ಗಂಡು ಭಾಗ). ಒಂದೊಂದು ಶಲಾಕೆಗೂ ಪರಾಗ ತಲುಪಿದರೆ ಒಂದೊಂದು ಬೀಜ, ಆ ಬೀಜದ ಸುತ್ತಲಿನ ತಿರುಳಷ್ಟೇ ಉಬ್ಬುತ್ತದೆ. ಪರಾಗ ತಲುಪದ ಕಡೆ ತಿರುಳು ಬೆಳೆಯುವುದಿಲ್ಲ. ಮೆತ್ತನೆಯ ಬ್ರಷ್‌ನಿಂದ ಮಧ್ಯಾಹ್ನಕ್ಕೆ ಮೊದಲು ಹೂವಿನ ಮೇಲೆ ಒಂದು ಸುತ್ತು ಸವರಿದರೆ ಸಾಕು. ಒಂದೇ ಗಿಡವಿದ್ದರೂ ನಡೆಯುತ್ತದೆ, ಇಂದಿನ ತಳಿಗಳ ಹೂವಿನಲ್ಲಿ ಗಂಡು ಹೆಣ್ಣು ಭಾಗ ಎರಡೂ ಇವೆ. ಮೊದಲು ಹೀಗಿರಲಿಲ್ಲ. 1714ರಲ್ಲಿ ಫ್ರೆಜಿಯೆ ಎಂಬ ಫ್ರೆಂಚ್ ಎಂಜಿನಿಯರ್ ಚಿಲಿಯಿಂದ ತಂದ ದೊಡ್ಡ ಹಣ್ಣಿನ ಗಿಡಗಳೆಲ್ಲ ಹೆಣ್ಣಾಗಿದ್ದವು, ಫಲ ಕಚ್ಚಲಿಲ್ಲ. ಉತ್ತರ ಅಮೆರಿಕದ ವರ್ಜೀನಿಯಾ ಸ್ಟ್ರಾಬೆರಿಯ ಪಕ್ಕದಲ್ಲಿ ಬೆಳೆದಾಗ ಎರಡೂ ಬೆರೆತು ಈಗಿನ ಸ್ಟ್ರಾಬೆರಿ ಹುಟ್ಟಿತು.

ಹೊಸ ಗಿಡದ ಮೊದಲ ಕೆಲವು ವಾರದ ಹೂಗಳನ್ನು ಚಿವುಟಿಬಿಡಿ. ಮನಸ್ಸು ಬರುವುದಿಲ್ಲ, ನಿಜ. ಆದರೆ ಬೇರು ಬಲಿಯದೆ ಕಾಯಿ ಹೊತ್ತ ಗಿಡ ಆಮೇಲೆ ಚೇತರಿಸಿಕೊಳ್ಳುವುದು ಕಷ್ಟ. ಸಸಿ ಬೇಡವಾದರೆ ಕುಡಿಗಳನ್ನೂ ಕಂಡ ಕೂಡಲೇ ಕತ್ತರಿಸಿ. ಹೂ ಕಚ್ಚಿದ ಸುಮಾರು ನಾಲ್ಕು ವಾರಕ್ಕೆ ಹಣ್ಣು ಕೆಂಪಾಗುತ್ತದೆ. ತೊಟ್ಟಿನ ಕೆಳಗಿನ ಬಿಳಿ ಪೂರ್ತಿ ಹೋಗುವವರೆಗೆ ಕಾಯಿರಿ, ಕಿತ್ತ ಮೇಲೆ ಸ್ಟ್ರಾಬೆರಿಗೆ ಸಿಹಿ ಏರುವುದಿಲ್ಲ.

ಯಾರಿಗೆ ಯಾವುದು

ದಿನವೂ ಎರಡು ಹೊತ್ತು ಗಿಡದ ಬಳಿ ಇರುವವರು, ಬಿಸಿಲು ಚೆನ್ನಾಗಿರುವ ತಾರಸಿ ಇದ್ದವರು ಮಣ್ಣಿನ ಕುಂಡ ಅಥವಾ ಗ್ರೋ ಬ್ಯಾಗ್‌ನಲ್ಲಿ ಬೆಳೆಯಲಿ, ಬೇರಿಗೆ ಅದರಷ್ಟು ಹಿತ ಬೇರೆ ಯಾವುದೂ ಅಲ್ಲ. ಬೆಳಿಗ್ಗೆ ಹೋಗಿ ರಾತ್ರಿ ಬರುವವರಿಗೆ ಸೆಲ್ಫ್ ವಾಟರಿಂಗ್ ತೊಟ್ಟಿ. ಬಿಸಿಲು ಕಡಿಮೆ ಇರುವವರಿಗೆ ಯಾವ ಕುಂಡವಾದರೂ ಸರಿ, ತಳಿ ಆಲ್ಪೈನ್. ಮಳೆ ಹೆಚ್ಚಿರುವ ಕಡೆ ಸೂರಿನಂಚಿನ ಕೆಳಗೆ ಇಡುವ ತೂಗುಬುಟ್ಟಿ ಅಥವಾ ತೊಟ್ಟಿ ಬೂಷ್ಟಿನಿಂದ ಕಾಪಾಡುತ್ತದೆ. ಒಣ ಸೆಕೆಯ ಊರಿನಲ್ಲಿ ಬೂಷ್ಟಿಗಿಂತ ನುಸಿಯ ಕಾಟ ಹೆಚ್ಚು. ಎಲೆ ಮಂಕಾಗಿ ಕೆಳಮೈಯಲ್ಲಿ ಸಣ್ಣ ಬಲೆ ಕಂಡರೆ ಅಲ್ಲಿಗೇ ಬೆಳಗಿನ ಹೊತ್ತು ನೀರು ಜೋರಾಗಿ ಸಿಂಪಡಿಸಿ. ಹಕ್ಕಿಗಳಿಗೆ ಮಾತ್ರ ಎಲ್ಲ ಕುಂಡವೂ ಒಂದೇ, ಹಣ್ಣು ಬಣ್ಣ ತಿರುಗುವ ಮೊದಲೇ ಬಲೆ ಹೊದಿಸಬೇಕು.

ಹಂಗಾಮು ಮುಗಿದ ಮೇಲೆ ಗಿಡ ಉಳಿಸಿಕೊಳ್ಳಬೇಕೇ ಎಂಬುದೂ ಒಂದು ಆಯ್ಕೆಯೇ. ಬೇಸಿಗೆ ಹಿತವಾಗಿರುವ ಕಡೆ ಹಳೆಯ ಎಲೆ ಕತ್ತರಿಸಿ, ಮೇಲ್ಮಣ್ಣು ಬದಲಿಸಿ ಎರಡು ಮೂರು ವರ್ಷ ಇಟ್ಟುಕೊಳ್ಳಬಹುದು, ಆಮೇಲೆ ಹಣ್ಣು ಸಣ್ಣದಾಗುತ್ತಾ ಹೋಗುತ್ತದೆ. ಹಿಮ ಬೀಳುವ ಕಡೆ ಕುಂಡದ ಬೇರು ನೆಲದ ಬೇರಿಗಿಂತ ಬೇಗ ಹೆಪ್ಪುಗಟ್ಟುವುದರಿಂದ ಕುಂಡಗಳನ್ನು ಒಟ್ಟಿಗೆ ಸೇರಿಸಿ, ಚಳಿ ತೀರಾ ತಾಗದ ಗೋಡೆಯ ಮಗ್ಗುಲಿಗೆ ಸರಿಸಿ ಹುಲ್ಲು ಹೊದಿಸಬೇಕು. ಬೇಸಿಗೆ ಸುಡುವ ಊರಿನಲ್ಲಿ ಎಲ್ಲ ಗಿಡ ಉಳಿಸಲು ಹೆಣಗುವುದು ಬೇಡ. ಚೆನ್ನಾಗಿ ಫಲ ಕೊಟ್ಟ, ರೋಗವಿಲ್ಲದ ಒಂದೆರಡನ್ನು ಆರಿಸಿ ನೆರಳಿಗೆ ಸರಿಸಿ, ಮಣ್ಣು ಒಣಗದಂತೆ ನೋಡಿಕೊಳ್ಳಿ. ಮುಂದಿನ ಹಂಗಾಮಿಗೆ ಬೇಕಾದ ಸಸಿಗಳನ್ನು ಅವುಗಳ ಕುಡಿಯಿಂದಲೇ ಮಾಡಿಕೊಂಡು, ಹೊಸ ಮಿಶ್ರಣ ತುಂಬಿದ ಕುಂಡದಲ್ಲಿ ನೆಡಿ.